ಜ್ವರ ಹುಡುಕಿ ಈಜುವ ಮೀನು

ಜಪಾನಿನ ನಿಗಾತ ಪ್ರಾಂತ್ಯದ ಗುಡ್ಡಗಾಡಿನ ರೈತರು ಚಳಿಗಾಲದ ಊಟಕ್ಕೆಂದು ಗದ್ದೆಯಂಚಿನ ಹೊಂಡಗಳಲ್ಲಿ ಗೆಂಡೆ ಮೀನು ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದ ಸುಮಾರಿಗೆ ಅವುಗಳಲ್ಲಿ ಕೆಂಪು, ಬಿಳಿ ಬಣ್ಣದ ಮರಿಗಳು ಕಾಣಿಸಿಕೊಂಡವು. ಅವನ್ನು ಆರಿಸಿ ಬೆಳೆಸಿದ್ದರ ಫಲವೇ 'ಕೊಯ್'. 1914ರ ಟೋಕಿಯೋ ವಸ್ತುಪ್ರದರ್ಶನದ ನಂತರ ಬಾಣಲೆಯ ಮೀನಿಗೆ ಉದ್ಯಾನದ ಕೊಳಕ್ಕೆ ಬಡ್ತಿ ಸಿಕ್ಕಿತು.

1998ರಲ್ಲಿ ಇಸ್ರೇಲ್ ಮತ್ತು ಅಮೆರಿಕಗಳಲ್ಲಿ ಈ ಮೀನುಗಳು ರಾಶಿರಾಶಿಯಾಗಿ ಸತ್ತವು. ಕಿವಿರು ಕೊಳೆಯುವ ಈ ರೋಗಕ್ಕೆ ಕಾರಣ ಒಂದು ಬಗೆಯ ಹರ್ಪಿಸ್ ವೈರಸ್. ಮನುಷ್ಯರಿಗೆ ಇದು ತಗಲುವುದಿಲ್ಲ. 2003ರಲ್ಲಿ ಜಪಾನಿನ ಕಸುಮಿಗಾವುರ ಸರೋವರದಲ್ಲಿ, ಮರುವರ್ಷ ಬಿವಾ ಸರೋವರದಲ್ಲಿ ಅದು ಗೆಂಡೆಗಳನ್ನು ಬಲಿ ತೆಗೆದುಕೊಂಡಿತು.

ಈ ವೈರಸ್ಸಿಗೆ ಒಂದು ದೌರ್ಬಲ್ಯವಿದೆ. ನೀರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಸಂತಾನ ನಿಲ್ಲುತ್ತದೆ. ಆದರೆ ಮೀನಿನ ಮೈ ತಾನಾಗಿ ಕಾಯುವುದಿಲ್ಲ. ನೀರಿನ ಕಾವೇ ಅದರ ಕಾವು. ಹಾಗಾದರೆ ಜ್ವರ ಬರುವುದೆಂತು?

ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಬೇರೆ ಬೇರೆ ಉಷ್ಣತೆಯ ಕೋಣೆಗಳಿದ್ದ ತೊಟ್ಟಿಗಳಲ್ಲಿ ರೋಗಗ್ರಸ್ತ ಗೆಂಡೆಗಳನ್ನು ಬಿಟ್ಟಾಗ ಅವು 32 ಡಿಗ್ರಿಯ ಕೋಣೆಯನ್ನು ಹುಡುಕಿಕೊಂಡು ಹೋದವು, ಬದುಕಿಕೊಂಡವು. ಜ್ವರ ಮೈಯೊಳಗೆ ಬರಲಿಲ್ಲ, ಮೀನೇ ಜ್ವರದ ಬಳಿಗೆ ಈಜಿತು!

ಹೀಗೆ ಈಜಿಸುವುದು 'ಟಿಎನ್‌ಎಫ್-ಆಲ್ಫಾ' ಎಂಬ ಪ್ರೋಟೀನು. ಸೋಂಕು ತಗುಲಿದೊಡನೆ ರಕ್ಷಣಾ ಕಣಗಳು ಹೊರಬಿಡುವ ಇದು ಉರಿಯೂತವನ್ನು ಹೊತ್ತಿಸುವ ಬೆಂಕಿಕಡ್ಡಿ. ಮನುಷ್ಯರಲ್ಲೂ ಇದೇ ಕುಲದ ಪ್ರೋಟೀನು ಜ್ವರ ತರಿಸುತ್ತದೆ. ಜೀವಕೋಶಗಳ ಮೇಲಿರುವ ಗ್ರಾಹಕಕ್ಕೆ ಅದು ಅಂಟಿಕೊಂಡರೆ ಮಾತ್ರ ಸಂದೇಶ ತಲುಪುತ್ತದೆ. ವೈರಸ್ಸಿನ ಕುತಂತ್ರವಿರುವುದು ಇಲ್ಲಿಯೇ. ಅದು ಗ್ರಾಹಕದಂತೆಯೇ ಕಾಣುವ ನಕಲಿ ಪ್ರೋಟೀನೊಂದನ್ನು ತಯಾರಿಸಿ ಮೈಯೊಳಗೆ ತೇಲಿಬಿಡುತ್ತದೆ. ಟಿಎನ್‌ಎಫ್ ಅದಕ್ಕೇ ಅಂಟಿಕೊಂಡು ವ್ಯರ್ಥವಾಗುತ್ತದೆ. ಮೀನು ಬೆಚ್ಚನೆಯ ನೀರಿಗೆ ಹೊರಡುವುದು ತಡವಾಗುತ್ತದೆ. ಅಷ್ಟರಲ್ಲಿ ವೈರಸ್ಸು ಹೆಚ್ಚಿಕೊಂಡಿರುತ್ತದೆ. ಆ ನಕಲಿ ಪ್ರೋಟೀನಿನ ಜೀನನ್ನು ಕಿತ್ತುಹಾಕಿದ ವೈರಸ್ ತಗುಲಿದ ಮೀನುಗಳು ಬೇಗನೆ ಹೊರಟವು.

ಉರಿಯೂತವೂ ಅತಿಯಾದರೆ ಸ್ವಂತ ಅಂಗಾಂಗಗಳನ್ನೇ ಸುಡುತ್ತದೆ. ಅದನ್ನು ಆರಿಸಲು ಗೆಂಡೆಯಲ್ಲಿ 'ಇಂಟರ್‌ಲೂಕಿನ್-10' ಎಂಬ ಇನ್ನೊಂದು ಪ್ರೋಟೀನಿದೆ. ವೈರಸ್ಸಿನ ಬಳಿ ಅದರ ನಕಲೂ ಉಂಟು. ಆದರೆ ಅದನ್ನು ತೆಗೆದುಹಾಕಿದರೂ ಪ್ರಯೋಗದಲ್ಲಿ ವೈರಸ್ಸಿನ ಮಾರಕ ಗುಣ ತಗ್ಗಲಿಲ್ಲ.

ಮನೆಯ ತೊಟ್ಟಿಯ ನೀರನ್ನು ಕಾಯಿಸಿ ಕೊಯ್ ಉಳಿಸಿಕೊಳ್ಳಬಹುದು. ಆದರೆ ಬದುಕಿದ ಮೀನು ವೈರಸ್ಸನ್ನು ಒಳಗೇ ಹೊತ್ತು ತಿರುಗಬಲ್ಲದು. ಸಾಕಣೆಗಾರರ ಕಷ್ಟ ಬೇರೆಯೇ. ಅವರ ಕೊಳಗಳಲ್ಲಿ ಹೆಚ್ಚಾಗಿ ಎಲ್ಲೆಡೆ ನೀರಿನ ಕಾವು ಒಂದೇ. ಟಿಎನ್‌ಎಫ್ ಎಷ್ಟೇ ಕೂಗಿದರೂ ಮೀನಿಗೆ ಹೋಗಲು ಬೆಚ್ಚನೆಯ ಮೂಲೆಯೇ ಇರುವುದಿಲ್ಲ.