ಶಮಾಲ್ ಬರುವ ಮುಂಚೆ ಮೊಬೈಲಿನ ಆ ಅಂಕಿ ಏನು ಹೇಳುತ್ತೆ?

ಮೊಬೈಲಿನಲ್ಲಿ ಹವಾಮಾನ ತೆರೆದರೆ ಎಲ್ಲರೂ ಮೊದಲು ನೋಡೋದು ಎಷ್ಟು ಡಿಗ್ರಿ ಅಂತ. ಕೆಳಗೆ 998 ಅಥವಾ 1015 ಅಂತ ಇನ್ನೊಂದು ಅಂಕಿ ಇರುತ್ತೆ. ಅದು ಗಾಳಿಯ ಒತ್ತಡ, ಅಳತೆ ಹೆಕ್ಟೋಪಾಸ್ಕಲ್‌ನಲ್ಲಿ. ಸೈಟ್‌ನಲ್ಲಿ, ದೋಣಿಯಲ್ಲಿ, ಡೆಲಿವರಿ ಬೈಕ್ ಮೇಲೆ ದುಡಿಯುವವರು ಗಮನಿಸಬೇಕಾದದ್ದು ಇದನ್ನೂ ಹೌದು.

ತಲೆಯ ಮೇಲಿರುವ ಗಾಳಿಗೂ ಭಾರವಿದೆ. ಸಮುದ್ರಮಟ್ಟದಲ್ಲಿ ಅದರ ಒತ್ತಡ ಸರಾಸರಿ 1013. ಒತ್ತಡ ಕಡಿಮೆ ಇರುವ ಕಡೆಗೆ ಸುತ್ತಲಿನ ಗಾಳಿ ನುಗ್ಗಿ, ಮೇಲೇರಿ, ತಣ್ಣಗಾಗಿ ಮೋಡ ಕಟ್ಟುತ್ತದೆ. ಊರಿನ ಟಿವಿಯಲ್ಲಿ ‘ವಾಯುಭಾರ ಕುಸಿತ’ ಅಂದ ಕೂಡಲೇ ಮಳೆ ಅಂತ ಅಂದುಕೊಳ್ಳೋದು ಇದಕ್ಕೇ.

ಗಲ್ಫ್‌ನ ಬೇಸಿಗೆಯಲ್ಲಿ ಮಾತ್ರ ಈ ಲೆಕ್ಕ ನಡೆಯಲ್ಲ. ಜುಲೈನಲ್ಲಿ ದುಬೈ, ದೋಹಾಗಳಲ್ಲಿ ಒತ್ತಡ 1000ಕ್ಕಿಂತ ಕೆಳಗೆ ಇಳಿದರೂ ಹನಿ ಮಳೆ ಇರಲ್ಲ. ಕಾದ ನೆಲದಿಂದಾಗಿ ಇರಾನ್, ಪಾಕಿಸ್ತಾನದ ಮೇಲೆ ಒತ್ತಡ ಕುಸಿದಿರುತ್ತದೆ. ಆದರೆ ಎತ್ತರದಲ್ಲಿ ಒಣಗಾಳಿ ಕೆಳಕ್ಕೆ ಒತ್ತುವುದರಿಂದ ಮೋಡ ಬೆಳೆಯೋಕಾಗಲ್ಲ. ಬದಲಿಗೆ ಒತ್ತಡ ಹೆಚ್ಚಿರುವ ವಾಯವ್ಯ ದಿಕ್ಕಿನಿಂದ ಗಾಳಿ ನುಗ್ಗುತ್ತದೆ. ಅದೇ ಶಮಾಲ್. ಎರಡೂ ಕಡೆಯ ಒತ್ತಡದ ಅಂತರ ಹೆಚ್ಚಿದಷ್ಟೂ ಗಾಳಿ ಜೋರು, ಧೂಳು ದಟ್ಟ. ವಿಚಿತ್ರ ಅಂದರೆ, ಪಾಕಿಸ್ತಾನದ ಮೇಲಿನ ಅದೇ ಕುಸಿತ ಅರಬ್ಬಿ ಸಮುದ್ರದ ಮುಂಗಾರನ್ನೂ ಎಳೆಯುತ್ತದೆ. ಇಲ್ಲಿ ಕಣ್ಣಿಗೆ ಮರಳು, ಮಂಗಳೂರಲ್ಲಿ ಮಳೆ!

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಥೆ ಬೇರೆ. ಚಳಿಗಾಲದಲ್ಲಿ ಒತ್ತಡ 1015ರಿಂದ 1020ರ ಹತ್ತಿರ ಇರುತ್ತೆ. ಮೆಡಿಟರೇನಿಯನ್ ಕಡೆಯಿಂದ ವಾಯುಭಾರ ಕುಸಿತ ಹತ್ತಿರ ಬಂದಾಗ ಅಂಕಿ ಇಳಿಯುತ್ತದೆ, ದಕ್ಷಿಣದ ತೇವದ ಗಾಳಿ ಬೀಸುತ್ತದೆ, ಗುಡುಗು-ಮಳೆ ಬರಬಹುದು. 2024ರ ಏಪ್ರಿಲ್ 16ರ ಮಳೆಯನ್ನು ಯುಎಇಯಲ್ಲಿದ್ದವರು ಮರೆತಿರಲಿಕ್ಕಿಲ್ಲ. ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನವೂ ತುಂಬುವ ಮೊದಲೇ 254.8 ಮಿಲಿಮೀಟರ್ ಸುರಿದಿತ್ತು.

ಮಳೆ ನಿಂತು ಅಂಕಿ ಏರತೊಡಗಿದರೆ ಅಪಾಯ ಕಳೆಯಿತು ಅಂತ ಅನ್ನಿಸೋದು ಸಹಜ. ಚಳಿಗಾಲದ ಶಮಾಲ್ ಬೀಸೋದು ಆವಾಗಲೇ. ಹಿಂದಿನಿಂದ ಬರುವ ತಂಪು, ಭಾರದ ಗಾಳಿ ಒತ್ತಡವನ್ನು ಸರ್ರನೆ ಏರಿಸುತ್ತದೆ. ಕ್ರೇನ್ ಮೇಲಿರುವವರಿಗೆ, ಎತ್ತರದ ಗೋಡೆಗೆ ಪೇಂಟ್ ಹೊಡೆಯುವವರಿಗೆ, ಸಣ್ಣ ದೋಣಿಯವರಿಗೆ ಮಳೆಗಿಂತ ಆ ಗಂಟೆಗಳೇ ಕಷ್ಟದವು.

ಹಾಗಾಗಿ ಅಂಕಿ ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಬೇಗ ಬದಲಾಗ್ತಿದೆ ಅಂತ ನೋಡಬೇಕು. ಬೆಳಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಹೊತ್ತಿಗೆ ಎರಡು-ಮೂರು ಅಂಕಿ ಇಳಿಯೋದು ದಿನವೂ ಇದ್ದದ್ದೇ. ಮೂರು ಗಂಟೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಏರಿದರೂ ಇಳಿದರೂ ಫೋರ್‌ಮನ್‌ಗೆ ಹೇಳಿ, ಹವಾಮಾನ ಇಲಾಖೆಯ ಎಚ್ಚರಿಕೆ ಬಂದಿದೆಯಾ ಅಂತ ನೋಡಿ. ಫೋನಿನದೇ ಸೆನ್ಸರ್‌ನಲ್ಲಿ ಅಳೆಯುವುದಾದರೆ ಒಂದೇ ಮಹಡಿಯಲ್ಲಿ ನಿಂತು ಅಳೆಯಿರಿ. ಸುಮಾರು ಎಂಟು ಮೀಟರ್ ಮೇಲೆ ಹೋದರೆ ಒಂದು ಅಂಕಿ ಕಡಿಮೆ ತೋರಿಸುತ್ತದೆ. ಲಿಫ್ಟ್‌ನಲ್ಲಿ ನಲವತ್ತನೇ ಮಹಡಿಗೆ ಹೋದವರಿಗೆ ಚಂಡಮಾರುತವೇ ಬಂದ ಹಾಗೆ ಕಾಣುತ್ತೆ.