ಜತ್ತದ ದಾಳಿಂಬೆಗೆ ತೆರಿಗೆ ಇಲ್ಲ, ಅದನ್ನು ಹೊರುವ ಲಾರಿಯ ಟಯರ್‌ಗೆ ಇದೆ: ಸಾಗಣೆದಾರರಿಗೆ ವಿನಾಯಿತಿ ಸಿಗುವುದೆಲ್ಲಿ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ವಿಜಯಪುರ, ಬೆಳಗಾವಿ ಜಿಲ್ಲೆಗಳ ಗಡಿಗೆ ತಾಗಿಕೊಂಡಿದೆ. ಉಮದಿ, ಸಂಖ ಕಡೆಯ ಹಳ್ಳಿಗಳಲ್ಲಿ ಕನ್ನಡವೇ ಮಾತು. ಮಳೆ ಕಮ್ಮಿ ಇರುವ ಈ ನೆಲದಲ್ಲಿ ದಾಳಿಂಬೆ, ದ್ರಾಕ್ಷಿ, ಒಣದ್ರಾಕ್ಷಿಯೇ ರೈತರ ಕೈ ಹಿಡಿದಿವೆ. ಇಂಥ ಸರಕಿನ ಲೋಡ್ ಹಿಡಿದು ರಾಜ್ಯದ ಗಡಿ ದಾಟುವ ಲಾರಿ ಮಾಲೀಕರಿಗೂ, ಹಣ್ಣಿನ ವ್ಯಾಪಾರಕ್ಕೆ ಇಳಿಯುವ ಕರಾವಳಿಯ ಯುವಕರಿಗೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಸಾಗಣೆದಾರ ಖರೀದಿಸುವ ವಸ್ತುಗಳಿಗೆ ಸರಕಾರ ತೆರಿಗೆ ಬಿಡುತ್ತದೆಯೇ?

ನೇರ ಉತ್ತರ: ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ, ಸಾಗಣೆ ಕಂಪೆನಿ ಖರೀದಿಸಿ ರಾಜ್ಯದ ಹೊರಗೆ ಒಯ್ಯುವ ಸರಕಿಗೆ ಕೆಲವು ಷರತ್ತುಗಳ ಮೇಲೆ ಮಾರಾಟ ತೆರಿಗೆ ವಿನಾಯಿತಿ ಉಂಟು. ಭಾರತದಲ್ಲಿ ಹಾಗಿಲ್ಲ. ಇಲ್ಲಿ ವಿನಾಯಿತಿ ಸಿಗುವುದು ಖರೀದಿದಾರ ಯಾರು ಎಂದು ನೋಡಿ ಅಲ್ಲ. ಲೋಡ್ ಯಾವುದು, ಕಾಗದಪತ್ರ ಯಾವುದು ಎಂದು ನೋಡಿ.

ಲಾರಿ, ಟಯರ್, ಡೀಸೆಲ್

2025ರ ಸೆಪ್ಟೆಂಬರ್ 22ರಿಂದ ಸರಕು ಲಾರಿ ಮತ್ತು ಅದರ ಟಯರ್ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆ ಸೇರದ ಬೆಲೆ 25 ಲಕ್ಷ ರೂ. ಇರುವ ಲಾರಿಗೆ ಮೊದಲು 7 ಲಕ್ಷ ತೆರಿಗೆ ಬೀಳುತ್ತಿತ್ತು, ಈಗ ನಾಲ್ಕೂವರೆ ಲಕ್ಷ. ಸರಕು ವಾಹನದ ಥರ್ಡ್ ಪಾರ್ಟಿ ವಿಮೆಯ ತೆರಿಗೆಯೂ ಶೇ. 12ರಿಂದ ಶೇ. 5ಕ್ಕೆ ಬಂದಿದೆ. ಇದು ದರ ಇಳಿಕೆಯೇ ಹೊರತು ವಿನಾಯಿತಿ ಅಲ್ಲ.

ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿದೆ. ಅದರ ಮೇಲೆ ಆಯಾ ರಾಜ್ಯವೇ ಮಾರಾಟ ತೆರಿಗೆ ಹಾಕುತ್ತದೆ. ಕರ್ನಾಟಕ ಈ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಏರಿಸಿತು. ಲಾರಿಯ ದೊಡ್ಡ ಖರ್ಚೇ ಡೀಸೆಲ್. ಆದರೆ ಅದರ ತೆರಿಗೆಯನ್ನು ಜಿಎಸ್‌ಟಿ ಲೆಕ್ಕದಲ್ಲಿ ವಾಪಸ್ ಕೇಳಲು ದಾರಿ ಇಲ್ಲ.

ಬಾಡಿಗೆಯ ಮೇಲಿನ ತೆರಿಗೆ

ಲೋಡ್ ಪಡೆದು ಕನ್‌ಸೈನ್‌ಮೆಂಟ್ ನೋಟ್, ಅಂದರೆ ಎಲ್ಲರೂ ಹೇಳುವ ಬಿಲ್ಟಿ ಕೊಡುವವರನ್ನು ಜಿಎಸ್‌ಟಿ ಕಾನೂನು 'ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ' ಎನ್ನುತ್ತದೆ. ಬಿಲ್ಟಿ ಕೊಡದೆ ಬರೀ ಲಾರಿ ಓಡಿಸಿ ಬಾಡಿಗೆ ಪಡೆಯುವವರಿಗೆ ಆ ಬಾಡಿಗೆಯ ಮೇಲೆ ಜಿಎಸ್‌ಟಿ ಇಲ್ಲ. ಸ್ವಂತ ಲಾರಿಯನ್ನು ಇಂಥ ಏಜೆನ್ಸಿಗೆ ಬಾಡಿಗೆಗೆ ಬಿಟ್ಟವರಿಗೂ ಇಲ್ಲ. ಒಂದೆರಡು ಲಾರಿ ಇಟ್ಟುಕೊಂಡ ಯುವಕರಿಗೆ ನಿಜವಾಗಿ ಉಪಯೋಗಕ್ಕೆ ಬರುವ ವಿನಾಯಿತಿ ಇದು.

ಏಜೆನ್ಸಿ ನಡೆಸುವವರಿಗೆ ಎರಡು ದಾರಿ. ಶೇ. 5ರ ದರ ಆರಿಸಿಕೊಂಡರೆ ಟಯರ್, ಬಿಡಿಭಾಗಕ್ಕೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಶೇ. 18ರ ದರಕ್ಕೆ ಹೋದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಕಳೆದುಕೊಳ್ಳಬಹುದು. ಹೊಸ ಲಾರಿ ಖರೀದಿಸುವ ವರ್ಷದಲ್ಲಿ ಈ ಲೆಕ್ಕ ಹಾಕಿ ನೋಡಲೇಬೇಕು.

ಇನ್ನು ಲೋಡ್. ಕೃಷಿ ಉತ್ಪನ್ನ, ಹಾಲು, ಉಪ್ಪು, ಅಕ್ಕಿ-ಬೇಳೆ-ಹಿಟ್ಟು, ಸಾವಯವ ಗೊಬ್ಬರ, ಪತ್ರಿಕೆ, ಪರಿಹಾರ ಸಾಮಗ್ರಿ ಸಾಗಿಸಿದರೆ ಏಜೆನ್ಸಿಯ ಬಾಡಿಗೆಗೂ ತೆರಿಗೆ ಇಲ್ಲ. ಜತ್ತದ ತಾಜಾ ದಾಳಿಂಬೆ ಇದರಲ್ಲೇ ಬರುತ್ತದೆ. ಆದರೆ 1,500 ರೂ. ಒಳಗಿನ ಸಣ್ಣ ಬಾಡಿಗೆಗೆ ಮೊದಲು ಇದ್ದ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿದೆ. ಹಳೇ ನಿಯಮ ನಂಬಿ ಕೂತವರು ಇದನ್ನು ಗಮನಿಸಬೇಕು.

ಒಣಗಿದರೆ ಲೆಕ್ಕ ಬದಲು

ದ್ರಾಕ್ಷಿ ತಾಜಾ ಇದ್ದಾಗ ತೆರಿಗೆ ಸೊನ್ನೆ. ಒಣಗಿಸಿ ಒಣದ್ರಾಕ್ಷಿ ಮಾಡಿದರೆ ಶೇ. 5. ಇದರಿಂದ ರೈತರಿಗೂ ಗೊಂದಲವಾಗಿತ್ತು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆ, ರೈತನೇ ತನ್ನ ಒಣದ್ರಾಕ್ಷಿ ಮಾರಿದರೆ ಜಿಎಸ್‌ಟಿ ಇಲ್ಲ ಎಂದು ಸ್ಪಷ್ಟಪಡಿಸಿತು. ಅದನ್ನೇ ವ್ಯಾಪಾರಿ ಖರೀದಿಸಿ ಮತ್ತೆ ಮಾರಿದರೆ ತೆರಿಗೆ ಉಂಟು.

ಸಾಗಣೆದಾರ ಸಿಕ್ಕಿಬೀಳುವುದು ಇಲ್ಲೇ. ತಾಜಾ ಹಣ್ಣಿಗೆ ಇ-ವೇ ಬಿಲ್ ಬೇಡ. ನೋಂದಾಯಿತ ವ್ಯಾಪಾರಿಯ ಒಣದ್ರಾಕ್ಷಿ 50,000 ರೂ. ಮೀರಿ ರಾಜ್ಯದ ಗಡಿ ದಾಟುವುದಾದರೆ ಬೇಕೇ ಬೇಕು. 2017ರಲ್ಲಿ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು ನಿಜ, ಆದರೆ ಅಧಿಕಾರಿಗಳು ದಾರಿಯಲ್ಲಿ ಎಲ್ಲಿ ಬೇಕಾದರೂ ಲಾರಿ ನಿಲ್ಲಿಸಿ ತಪಾಸಣೆ ಮಾಡಬಹುದು. ಇ-ವೇ ಬಿಲ್ ಇಲ್ಲದೆ 5 ಲಕ್ಷ ರೂ. ಒಣದ್ರಾಕ್ಷಿ ಸಿಕ್ಕಿಬಿದ್ದರೆ ತೆರಿಗೆ 25,000. ಸರಕಿನ ಮಾಲೀಕನೇ ಮುಂದೆ ಬಂದರೂ ದಂಡ ಅದರ ಎರಡು ಪಟ್ಟು, 50,000. ತಪ್ಪು ವ್ಯಾಪಾರಿಯದ್ದೇ ಇರಬಹುದು, ಆದರೆ ಅಷ್ಟು ದಿನ ನಿಲ್ಲುವುದು ಲಾರಿ. ಕಂತು ಕಟ್ಟಬೇಕಾದವನು ಅದರ ಮಾಲೀಕ.

ಲೋಡ್ ಹಾಕುವ ಮೊದಲು

ಸರಕು ತಾಜಾನೋ ಒಣಗಿದ್ದೋ, ಮಾರುವವನು ರೈತನೋ ವ್ಯಾಪಾರಿಯೋ ಎಂದು ಕೇಳಿಕೊಳ್ಳಿ. ಇನ್‌ವಾಯ್ಸ್, ಇ-ವೇ ಬಿಲ್‌ನಲ್ಲಿ ಲಾರಿ ನಂಬರ್ ಸರಿ ಇದೆಯೇ ನೋಡಿ. ದಾರಿಯಲ್ಲಿ ಲಾರಿ ಬದಲಾಯಿಸಿದರೆ ನಂಬರ್ ಅಪ್‌ಡೇಟ್ ಮಾಡಿಸಿ. ಇ-ವೇ ಬಿಲ್‌ಗೆ 200 ಕಿ.ಮೀ.ಗೆ ಒಂದು ದಿನದ ಅವಧಿ ಎಂಬುದೂ ನೆನಪಿರಲಿ. ಸಂಶಯ ಬಂದರೆ ತೆರಿಗೆ ಸಲಹೆಗಾರರನ್ನು ಮೊದಲೇ ಕೇಳುವುದು ಒಳ್ಳೆಯದು. ಅವರ ಫೀಸು ದಂಡಕ್ಕಿಂತ ಯಾವತ್ತೂ ಕಮ್ಮಿಯೇ.