ಕಾವೇರಿ ತಿಂಗಳು ಮೊದಲೇ ತುಂಬಿದ್ದರೆ...?

ಶ್ರೀರಂಗಪಟ್ಟಣಕ್ಕೆ ಪ್ರವಾಸ ಬರುವ ಶಾಲಾ ಮಕ್ಕಳಿಂದ ಹಿಡಿದು ನಿವೃತ್ತ ಮೇಷ್ಟ್ರುಗಳವರೆಗೆ ಎಲ್ಲರ ಕಿವಿಗೂ ಬೀಳುವ ಮಾತೊಂದಿದೆ: ‘ಮೀರ್ ಸಾದಿಕ್ ಮೋಸ ಮಾಡದೇ ಇದ್ದಿದ್ದರೆ...’ ಈ ವಾಕ್ಯವನ್ನು ಸಾಮಾನ್ಯವಾಗಿ ಯಾರೂ ಪೂರ್ತಿ ಮಾಡುವುದಿಲ್ಲ. ಟಿಪ್ಪು ಸುಲ್ತಾನನ ದೇಹ ಸಿಕ್ಕಿತೆನ್ನಲಾದ ಜಾಗದ ಎದುರು ನಿಂತವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ಕೋಟೆ ಬೀಳುತ್ತಿರಲಿಲ್ಲ, ಇಂಗ್ಲಿಷರು ಬಂದ ದಾರಿ ಹಿಡಿಯುತ್ತಿದ್ದರು, ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಚರಿತ್ರೆಯನ್ನು ಹೀಗೆ ತಿರುಗಿಸಿ ನೋಡಲು ಕನ್ನಡದಲ್ಲಿ ಒಂದೇ ಅಕ್ಷರ ಸಾಕು, ‘ರೆ’. ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂದು ಹಿರಿಯರು ಗೇಲಿ ಮಾಡಿದ್ದೂ ಇದೇ ‘ರೆ’ಯನ್ನು. ಇತಿಹಾಸಕಾರರಲ್ಲೂ ಗೇಲಿ ಮಾಡಿದವರುಂಟು. ಇದೆಲ್ಲ ಹೊತ್ತು ಕಳೆಯಲು ಮನೆಯ ಹಜಾರದಲ್ಲಿ ಕೂತು ಆಡುವ ಆಟ ಎಂದು ಬ್ರಿಟನ್ನಿನ ಇ.ಎಚ್. ಕಾರ್ 1961ರಲ್ಲಿ ತಳ್ಳಿಹಾಕಿದರು. ಆದರೆ ಆಟ ಬಹಳ ಹಳೆಯದು. ಅಲೆಗ್ಸಾಂಡರ್ ಪೂರ್ವಕ್ಕೆ ಬರುವ ಬದಲು ರೋಮಿನ ಮೇಲೆ ದಂಡೆತ್ತಿ ಹೋಗಿದ್ದರೆ ಏನಾಗುತ್ತಿತ್ತು ಎಂದು ರೋಮನ್ ಚರಿತ್ರಕಾರ ಲಿವಿ ಎರಡು ಸಾವಿರ ವರ್ಷಗಳ ಹಿಂದೆಯೇ ಲೆಕ್ಕ ಹಾಕಿದ್ದ. 1931ರಲ್ಲಿ ಲಂಡನ್ನಿನಲ್ಲಿ ಇಂಥ ಲೇಖನಗಳದ್ದೇ ಒಂದು ಸಂಕಲನ ಹೊರಬಂದಾಗ, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನದ ಬಗ್ಗೆ ಅದಕ್ಕೆ ಬರೆದುಕೊಟ್ಟವರು ವಿನ್‌ಸ್ಟನ್ ಚರ್ಚಿಲ್.

ಹಾಗಾದರೆ ಯಾವ ‘ರೆ’ಯನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು? ನಿಯಾಲ್ ಫರ್ಗ್ಯುಸನ್ ಎಂಬ ಇತಿಹಾಸಕಾರ 1997ರಲ್ಲಿ ಒಂದು ಒರೆಗಲ್ಲನ್ನು ಮುಂದಿಟ್ಟರು. ಆ ಕಾಲದಲ್ಲಿ ಬದುಕಿದ್ದವರೇ ‘ಹೀಗೂ ಆಗಬಹುದು’ ಎಂದು ಯೋಚಿಸಿದ್ದಕ್ಕೆ ದಾಖಲೆಯಿದ್ದರೆ ಮಾತ್ರ ಆ ಪ್ರಶ್ನೆಗೆ ಬೆಲೆ ಎಂಬುದು ಅದರ ತಿರುಳು. ಮೈಸೂರಿನ ಯುದ್ಧಗಳನ್ನು ಈ ಕಲ್ಲಿಗೆ ಉಜ್ಜಿ ನೋಡಿದರೆ ಮೀರ್ ಸಾದಿಕನ ಕಥೆ ಸ್ವಲ್ಪ ಮಂಕಾಗುತ್ತದೆ. ಅವನ ಜಾಗಕ್ಕೆ ಎತ್ತು, ಅಕ್ಕಿ ಮತ್ತು ಮಳೆ ಬಂದು ನಿಲ್ಲುತ್ತವೆ.

1799ರ ಮೇ 4ರ ಮಧ್ಯಾಹ್ನವನ್ನೇ ನೋಡೋಣ. ಒಂದು ಗಂಟೆಯ ಸುಮಾರಿಗೆ ಜನರಲ್ ಬೇರ್ಡ್‌ನ ನೇತೃತ್ವದಲ್ಲಿ ಕಂಪನಿಯ ಪಡೆ ಕಾವೇರಿಯ ಕಲ್ಲುಬಂಡೆಗಳ ನಡುವೆ ನೀರು ಹಾಯ್ದು ಕೋಟೆಗೆ ನುಗ್ಗಿತು. ಸಂಬಳ ಬಟವಾಡೆಯ ನೆಪದಲ್ಲಿ ಕಾವಲಿನವರನ್ನು ಗೋಡೆಯಿಂದ ದೂರ ಕರೆಸಲಾಗಿತ್ತು ಎಂಬುದು ದ್ರೋಹದ ಕಥೆ. ಅದು ನಿಜವೆಂದೇ ಇಟ್ಟುಕೊಳ್ಳೋಣ. ಆದರೂ ಗೋಡೆ ಅದಕ್ಕೆ ಮೊದಲೇ ಬಿರುಕು ಬಿಟ್ಟು ದಾರಿಯಾಗಿತ್ತು. ದಾರಿ ಮಾಡಿದ್ದು ದ್ರೋಹವಲ್ಲ, ತೋಪು. ಆ ದಿನ ಕಾವಲು ಭದ್ರವಾಗಿದ್ದು ದಾಳಿ ಸೋತಿದ್ದರೂ ಮರುದಿನ ಇನ್ನೊಂದು ದಾಳಿ ಆಗುತ್ತಿತ್ತು. ಕೋಟೆಗೆ ಬೇಕಿದ್ದುದು ಒಂದು ಮಧ್ಯಾಹ್ನವಲ್ಲ, ಮೂರು ನಾಲ್ಕು ವಾರ.

ಯಾಕೆಂದರೆ ಶ್ರೀರಂಗಪಟ್ಟಣದ ನಿಜವಾದ ಕೋಟೆ ಕಾವೇರಿಯೇ. ಬೇಸಿಗೆಯಲ್ಲಿ ಹಾಯ್ದು ಬರಬಹುದಾದ ಈ ಹೊಳೆ, ಕೊಡಗಿನಲ್ಲಿ ಮುಂಗಾರು ಹಿಡಿಯಿತೆಂದರೆ ದ್ವೀಪದ ಎರಡೂ ಕಡೆ ತುಂಬಿ ಹರಿಯುತ್ತದೆ. ಆಮೇಲೆ ಮುತ್ತಿಗೆ ಅಸಾಧ್ಯ. ಇದು ಟಿಪ್ಪುವಿಗೂ ಗೊತ್ತಿತ್ತು, ಇಂಗ್ಲಿಷ್ ಸೇನಾಪತಿ ಹ್ಯಾರಿಸ್‌ಗೂ ಗೊತ್ತಿತ್ತು. ಹ್ಯಾರಿಸ್‌ಗೆ ಇನ್ನೊಂದು ತಲೆನೋವೂ ಇತ್ತು. ಏಪ್ರಿಲ್ ಮಧ್ಯದಲ್ಲಿ ದಾಸ್ತಾನು ಅಳೆಸಿ ನೋಡಿದರೆ ಕಾದಾಡುವ ಸಿಪಾಯಿಗಳಿಗೆ ಉಳಿದಿದ್ದ ಅಕ್ಕಿ ಮೂರು ವಾರಕ್ಕೂ ಸಾಲದು. ಬಾರಾಮಹಲಿನ ಕಡೆಯಿಂದ ಬರಬೇಕಿದ್ದ ಧಾನ್ಯದ ಎತ್ತುಗಳು ಕೋಟೆ ಬಿದ್ದ ಮೇಲಷ್ಟೇ ಪಾಳೆಯ ಸೇರಿದವು. ಹಸಿವು ಮುಂದೆ, ಮಳೆ ಹಿಂದೆ. ಇವೆರಡರ ನಡುವೆ ಸಿಕ್ಕಿಕೊಂಡವನ ಆತುರ ಮೇ 4ರ ದಾಳಿಯಲ್ಲಿ ಕಾಣುತ್ತದೆ. ಮರುದಿನ ಸಂಜೆ ಟಿಪ್ಪುವಿನ ಅಂತ್ಯಕ್ರಿಯೆಯ ಹೊತ್ತಿಗೆ ಗುಡುಗು ಸಿಡಿಲಿನ ಭಾರಿ ಮಳೆ ಸುರಿಯಿತು. ಸಿಡಿಲು ಬಡಿದು ಇಂಗ್ಲಿಷ್ ಪಾಳೆಯದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು.

ಈ ಯುದ್ಧಕ್ಕೆ ಅಂಟಿಕೊಂಡ ಇನ್ನೊಂದು ಜನಪ್ರಿಯ ‘ರೆ’ ನೆಪೋಲಿಯನ್ನನದು. 1799ರ ಜನವರಿಯಲ್ಲಿ ಅವನು ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದದ್ದು ನಿಜ. ಪತ್ರ ಅರಬ್ಬಿ ಕರಾವಳಿಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿದ್ದೂ ನಿಜ. ಆದರೆ ಸಿಗದೇ ಶ್ರೀರಂಗಪಟ್ಟಣ ತಲುಪಿದ್ದರೂ ಆಗುತ್ತಿದ್ದುದೇನು? ಅವನ ಹಡಗುಗಳನ್ನು 1798ರ ಆಗಸ್ಟ್‌ನಲ್ಲೇ ನೆಲ್ಸನ್ ನೈಲ್ ನದಿಯ ಮುಖದಲ್ಲಿ ನಾಶ ಮಾಡಿದ್ದ. ಕೆಂಪು ಸಮುದ್ರದಲ್ಲಿ ಸೈನ್ಯ ಸಾಗಿಸುವಷ್ಟು ಹಡಗು ಅವನಿಗಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ದಿನ ನೆಪೋಲಿಯನ್ ಪ್ಯಾಲೆಸ್ಟೀನಿನ ಏಕರ್ ಕೋಟೆಯ ಮುಂದೆ ತಾನೇ ಮುತ್ತಿಗೆ ಹಾಕಿ ಒದ್ದಾಡುತ್ತಿದ್ದ. ಮಾರಿಷಸ್‌ನಿಂದ 1798ರಲ್ಲಿ ಮಂಗಳೂರಿಗೆ ಬಂದಿಳಿದ ಫ್ರೆಂಚ್ ‘ನೆರವು’ ನೂರು ಮಂದಿಯ ಆಸುಪಾಸು. ಈ ‘ರೆ’ಗೆ ಇಷ್ಟು ಸಾಕು.

ಇದಕ್ಕಿಂತ ಗಟ್ಟಿಯಾದದ್ದು 1780ರ ಸೆಪ್ಟೆಂಬರ್ 10ರ ರಾತ್ರಿ. ಅಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಮೂರು ಸಾವಿರಕ್ಕೂ ಮಿಕ್ಕಿದ ಪಡೆಯನ್ನು ಅಳಿಸಿಹಾಕಿದ್ದರು. ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿಯ ಸಮೇತ ಈ ಗೆಲುವಿನ ಚಿತ್ರವಿದೆ. ಚಿತ್ರದಲ್ಲಿ ಇಲ್ಲದಿರುವುದು ಮರುದಿನದ ಕಥೆ. ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿದ್ದ ಹೆಕ್ಟರ್ ಮನ್ರೋ ತನ್ನ ಭಾರಿ ತೋಪುಗಳನ್ನು ಅಲ್ಲಿನ ಕೊಳಕ್ಕೆ ನೂಕಿ ಮದರಾಸಿನತ್ತ ಓಡಿದ. ಹೈದರ್ ಸರ್ವಬಲದಿಂದ ಬೆನ್ನಟ್ಟಲಿಲ್ಲ. ತಿರುಗಿ ಹೋಗಿ ಆರ್ಕಾಟಿನ ಮುತ್ತಿಗೆ ಮುಂದುವರಿಸಿದ. ಬಂಗಾಳದಿಂದ ಐರ್ ಕೂಟ್ ಹೊಸ ಪಡೆಯೊಂದಿಗೆ ಮದರಾಸಿಗೆ ಬಂದದ್ದು ನವೆಂಬರ್‌ನಲ್ಲಿ. ನಡುವಿನ ಎರಡು ತಿಂಗಳು ಹೈದರನ ಕೈಯಲ್ಲಿದ್ದವು.

ಮದರಾಸು ಬೀಳುತ್ತಿತ್ತೇ? ಊರು ಬೀಳಬಹುದಿತ್ತು, ಸಮುದ್ರದ ದಡದ ಸೇಂಟ್ ಜಾರ್ಜ್ ಕೋಟೆಯ ಮಾತು ಬೇರೆ. ಹಡಗಿಲ್ಲದವನು ಅದನ್ನು ಉಪವಾಸ ಕೆಡವಲಾರ. 1759ರಲ್ಲಿ ಫ್ರೆಂಚ್ ಸೇನಾಪತಿ ಲಾಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಇಂಗ್ಲಿಷ್ ಹಡಗುಗಳು ಕಂಡ ಕೂಡಲೇ ಎದ್ದು ಹೋಗಬೇಕಾಗಿ ಬಂದಿತ್ತು. ನೆಲದ ಮೇಲೆ ಮೈಸೂರಿನದು ಎಷ್ಟೇ ಮೇಲುಗೈಯಾದರೂ ಅಲೆಯ ಅಂಚಿಗೆ ಬಂದು ನಿಲ್ಲುತ್ತಿತ್ತು.

ಇನ್ನು 1791ರ ಮೇ ತಿಂಗಳು. ಅಷ್ಟಾಗಿ ಯಾರೂ ನೆನೆಯದ, ಆದರೆ ಎಲ್ಲಕ್ಕಿಂತ ಹತ್ತಿರದಲ್ಲಿ ತಪ್ಪಿಹೋದ ಸಾಧ್ಯತೆ ಇದೇ.

ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಾರ್ಚ್‌ನಲ್ಲಿ ಬೆಂಗಳೂರು ಹಿಡಿದಿದ್ದ. ಮೇ ಆರಂಭದಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಗೆ ಟಿಪ್ಪು ಅಡ್ಡ ಇದ್ದುದರಿಂದ ಕನಕಪುರದ ಕಾಡುದಾರಿ ಹಿಡಿದ. ಆ ದಾರಿಯುದ್ದಕ್ಕೂ ಟಿಪ್ಪು ಮೇವು ಸುಡಿಸಿ ಊರು ಖಾಲಿ ಮಾಡಿಸಿದ್ದ. ಆಗಿನ ಕಾಲದ ಸೈನ್ಯವೆಂದರೆ ಮುಖ್ಯವಾಗಿ ಎತ್ತುಗಳ ಮೆರವಣಿಗೆ. ಕೋಟೆ ಒಡೆಯುವ ಒಂದೊಂದು ತೋಪಿಗೂ ಹತ್ತಾರು ಜೊತೆ ಎತ್ತು ಬೇಕು. ಗುಂಡು, ಮದ್ದು, ಅಕ್ಕಿ ಎಲ್ಲವೂ ಎತ್ತಿನ ಬೆನ್ನ ಮೇಲೆಯೇ. ಮೇವಿಲ್ಲದೆ, ರೋಗ ತಗುಲಿ ಅವು ಸಾಲುಸಾಲಾಗಿ ಸತ್ತವು. ಸಾಲದ್ದಕ್ಕೆ ಆ ವರ್ಷ ಮಳೆ ಬೇಗ ಹಿಡಿಯಿತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದವನಿಗೆ ಹೊಳೆ ದಾಟಲು ಆಗಲಿಲ್ಲ! ಪಿರಿಯಾಪಟ್ಟಣದ ಕಡೆ ಇದ್ದ ಬೊಂಬಾಯಿ ಸೈನ್ಯವನ್ನು ಕೂಡಿಕೊಳ್ಳಲು ಕನ್ನಂಬಾಡಿಯ ಕಡವಿನತ್ತ ಸಾಗಿದ. ಎತ್ತಿಲ್ಲದ ತೋಪುಗಳನ್ನು ಸಿಪಾಯಿಗಳೇ ಕೆಸರಿನಲ್ಲಿ ಎಳೆದರು. ಮೇ 22ರಂದು, ಅಷ್ಟು ದೂರ ಎಳೆದು ತಂದ ಆ ಮುತ್ತಿಗೆಯ ತೋಪುಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆಸಿಹಾಕಿ ಹಿಂದಿರುಗುವ ತೀರ್ಮಾನ ಮಾಡಿದ.

26ರಂದು ಹಸಿದ ಸೈನ್ಯ ಬೆಂಗಳೂರಿನ ಕಡೆ ಕಾಲೆಳೆಯುತ್ತಾ ಹೊರಟಾಗ ಎದುರಿಗೆ ಕುದುರೆ ಸವಾರರು ಕಂಡರು. ಮೊದಲು ಶತ್ರುವೆಂದೇ ಭಾವಿಸಲಾಯಿತು. ಬಂದವರು ಮರಾಠರು! ಹರಿಪಂತ್ ಫಡಕೆ ಮತ್ತು ಪರಶುರಾಮ್ ಭಾವು ಅವರ ಸೈನ್ಯಗಳು ಅಷ್ಟು ಹತ್ತಿರದಲ್ಲಿದ್ದರೂ ಕಾರ್ನ್‌ವಾಲಿಸ್‌ಗೆ ಸುಳಿವೇ ಸಿಕ್ಕಿರಲಿಲ್ಲ. ಮೈಸೂರಿನ ಹಗುರ ಕುದುರೆ ದಳ ನಡುವೆ ಓಡಾಡುವ ಹರಿಕಾರರನ್ನೆಲ್ಲ ಹಿಡಿಯುತ್ತಿತ್ತು. ಮರಾಠರ ದಂಡಿನ ಬಜಾರಿನಲ್ಲಿ ದುಬಾರಿ ಬೆಲೆಗಾದರೂ ಧಾನ್ಯ ಸಿಕ್ಕಿತು. ಸೈನ್ಯ ಉಳಿಯಿತು.

ಮರಾಠರು ಒಂದು ವಾರ ತಡವಾಗಿ ಬಂದಿದ್ದರೆ? ಟಿಪ್ಪು ಆ ನಾಲ್ಕೈದು ದಿನ ಕೋಟೆಯ ನೆರಳು ಬಿಟ್ಟು ಹೊರಬಂದು ಬೆನ್ನಟ್ಟಿದ್ದರೆ? ಇದು ಬರಿಯ ಊಹೆಯಲ್ಲ. ತೋಪು ಒಡೆಸಿದ ಸೇನಾಪತಿಯ ಕಣ್ಣೆದುರಿಗೇ ಇದ್ದ ಪ್ರಶ್ನೆ. ಹತ್ತು ವರ್ಷದ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಇಡೀ ಸೈನ್ಯವನ್ನು ಶರಣಾಗಿಸಿದವನು ಇದೇ ಕಾರ್ನ್‌ವಾಲಿಸ್. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷ ಮೈಸೂರು ಯುದ್ಧವನ್ನೇ ಆಕ್ಷೇಪಿಸುತ್ತಿತ್ತು. ಇನ್ನೊಂದು ಸೈನ್ಯವನ್ನೂ ಅವನು ಕಳೆದುಕೊಂಡಿದ್ದರೆ 1792ರ ಒಪ್ಪಂದ ಆ ರೂಪದಲ್ಲಿ ಆಗುತ್ತಿರಲಿಲ್ಲ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು ಟಿಪ್ಪುವಿನ ಕೈಬಿಟ್ಟು ಹೋಗುತ್ತಿರಲಿಲ್ಲ. 1799ರಲ್ಲಿ ಹ್ಯಾರಿಸ್ ಎದುರಿಸಿದ್ದು ಈ ಅರ್ಧ ರಾಜ್ಯವನ್ನು ಎಂಬುದನ್ನು ಮರೆಯಬಾರದು. ಬಾರಾಮಹಲು, ಅಲ್ಲಿನ ಘಟ್ಟದ ದಾರಿಗಳು ಅಷ್ಟರಲ್ಲಿ ಕಂಪನಿಯವು.

ಇಲ್ಲೊಂದು ವಿಪರ್ಯಾಸವೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನಿಂದ ಅಮೃತಮಹಲ್ ಎಂದು ಹೆಸರು ಪಡೆದ ದನಗಳ ಇಲಾಖೆ ಮೈಸೂರಿನದು. ತೋಪಿನ ಬಂಡಿಯನ್ನು ಓಡುತ್ತಲೇ ಎಳೆಯುವ ಆ ತಳಿಗೆ ಸಾಟಿಯಿರಲಿಲ್ಲ. ಎತ್ತು ನಿರ್ಣಾಯಕವಾದ ಯುದ್ಧದಲ್ಲಿ ಅತ್ಯುತ್ತಮ ಎತ್ತುಗಳಿದ್ದವರು ಸೋತರು.

ಯಾಕೆ ಸೋತರು ಎಂಬುದಕ್ಕೆ ಉತ್ತರ ‘ರೆ’ಯ ಮಿತಿಯಲ್ಲೇ ಇದೆ. 1791ರ ಮೇನಲ್ಲಿ ತೋಪು ಒಡೆದು ಹೋದ ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಹೊಸ ತೋಪುಗಳೊಂದಿಗೆ ಮತ್ತೆ ಕಾವೇರಿಯ ದಡದಲ್ಲಿದ್ದ. ಬಂಗಾಳದ ಕಂದಾಯ, ಸಮುದ್ರದ ದಾರಿ, ನಿಜಾಮ ಮತ್ತು ಮರಾಠರ ಕುದುರೆ ಸೈನ್ಯ ಅವನ ಹಿಂದಿದ್ದವು. ಧಾನ್ಯಕ್ಕೆ ಲಂಬಾಣಿಗಳ ಎತ್ತಿನ ತಂಡಗಳನ್ನು ಕೂಡಿಸಿಕೊಂಡಿದ್ದ. ಲಂಬಾಣಿಗಳು ಸರಿಯಾದ ಬೆಲೆ ಕೊಟ್ಟವರಿಗೆ ಮಾರುವ ವ್ಯಾಪಾರಿಗಳು. ಒಂದು ಮಳೆಗಾಲ ಕಳೆದುಕೊಳ್ಳುವುದು ಕಂಪನಿಗೆ ನಷ್ಟ, ಮೈಸೂರಿಗೆ ಸರ್ವಸ್ವ. 1780ರಲ್ಲಿ ಹೈದರ್, ಮರಾಠರು, ನಿಜಾಮ ಮೂವರೂ ಕಂಪನಿಯ ವಿರುದ್ಧ ಒಂದಾಗುವ ಮಾತಾಗಿತ್ತು. ನಿಜಾಮ ಬೇಗನೇ ಹಿಂದೆ ಸರಿದ, 1782ರ ಸಾಲ್ಬಾಯ್ ಒಪ್ಪಂದದಲ್ಲಿ ಮರಾಠರೂ ಹೊರಹೋದರು. ಆ ಕೂಟ ನಿಂತಿದ್ದರೆ ಎಂಬುದು ದೊಡ್ಡ ‘ರೆ’. ಆದರೆ ಅದಕ್ಕೆ ಒಬ್ಬ ದಿವಾನನ ಮನಸ್ಸಲ್ಲ, ಮೂರು ದರ್ಬಾರುಗಳ ಮನಸ್ಸು ಬದಲಾಗಬೇಕಿತ್ತು.

ದ್ರೋಹಿಯ ಕಥೆ ಸುಲಭವಾದದ್ದು. ಹೇಳಲೂ ಸುಲಭ, ಸಿಟ್ಟು ತೀರಿಸಿಕೊಳ್ಳಲೂ ಸುಲಭ. ಅದರಲ್ಲಿ ಮೇವು ಸುಟ್ಟ ಹೊಲದ ರೈತನಿಗೆ ಜಾಗವಿಲ್ಲ. ಶತ್ರುವಿಗೆ ಸಿಗಬಾರದೆಂದು ತನ್ನ ಅರಸನೇ ಸುಡಿಸಿದ, ಉಳಿದದ್ದನ್ನು ಬಂದ ಸೈನ್ಯಗಳು ದೋಚಿದವು. ಕನಕಪುರದಿಂದ ಅರಕೆರೆಯವರೆಗಿನ ಹಳ್ಳಿಗಳಿಗೆ ಆ ಯುದ್ಧ ಹೇಗೆ ನಡೆದಿದ್ದರೂ ಗೆಲುವಾಗುತ್ತಿರಲಿಲ್ಲ.

ಈಗ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆ ನೋಡಿದವರಿಗೆ ಹ್ಯಾರಿಸ್‌ನ ಆತುರ ಪೂರ್ತಿ ಅರ್ಥವಾಗಲಾರದು. ಮೇಲೆ ಕೃಷ್ಣರಾಜಸಾಗರದ ಕಟ್ಟೆ ಎದ್ದಿದೆ. ಕೋಟೆಯ ಪಕ್ಕ ಎಷ್ಟು ನೀರು ಹರಿಯಬೇಕೆಂಬುದನ್ನು ಈಗ ಬಹುಮಟ್ಟಿಗೆ ಅಲ್ಲಿನ ತೂಬುಗಳು ತೀರ್ಮಾನಿಸುತ್ತವೆ. ಕಟ್ಟೆ ಕಟ್ಟಿದಾಗ ಕನ್ನಂಬಾಡಿಯ ಹಳೆಯ ಊರು ನೀರಿನಡಿಗೆ ಹೋಯಿತು. 1791ರ ಮೇ 22ರಂದು ತೋಪು ಒಡೆದ ಸದ್ದು ಕೇಳಿದ್ದು ಆ ಊರಿಗೆ.